ಮೇಲಿನ ಸಾಲು ಯಾರದು

ಫೆಬ್ರವರಿ ೧೧

ಅತ್ತೆಯವರಿಗೆ ನಮಸ್ಕಾರ.

ಮದುವೆಯಾಗಿ ಹನ್ನೊಂದು ವರ್ಷವಾದರೂ ನಾನು ನಿಮಗೆ ಬರೆಯುತ್ತಿರುವ ಮೊದಲ ಪತ್ರ ಇದು. ಫೋನಿನಲ್ಲಿ ನಿಮಗೆ ಸರಿಯಾಗಿ ಕೇಳಿಸುವುದಿಲ್ಲ, ಒಂದೊಂದು ಮಾತನ್ನೂ ಮೂರು ಸಲ ಹೇಳಬೇಕಾಗುತ್ತದೆ. ಈ ವಿಷಯವನ್ನು ಒಂದು ಸಲ ಹೇಳುವುದೇ ನನಗೆ ಕಷ್ಟ.

ನಿಮ್ಮ ಮಗಳು ಮನೆ ಬಿಟ್ಟು ಹೋಗಿ ಇವತ್ತಿಗೆ ಇಪ್ಪತ್ತೆರಡು ದಿನ. ಜಗಳವಾಗಿರಲಿಲ್ಲ. ನಾನು ಅಚ್ಚುಕೂಟದಿಂದ ಬಂದಾಗ ಬಾಗಿಲಿಗೆ ಬೀಗವಿತ್ತು. ಒಳಗೆ ಅವಳ ಬಟ್ಟೆಗಳಲ್ಲಿ ಅರ್ಧ ಇರಲಿಲ್ಲ. ಮೇಜಿನ ಮೇಲೆ ಒಂದು ಚೀಟಿ ಇತ್ತು: "ಸ್ವಲ್ಪ ದಿನ ಬೇರೆ ಇರ್ತೀನಿ. ಹುಡುಕಬೇಡಿ. ಗ್ಯಾಸ್ ಆಫ್ ಮಾಡಿದೀನಿ." ಅವಳು ಪಿಯಾನೋ ನುಡಿಸುವ ನೃತ್ಯಶಾಲೆಗೆ ಹೋಗಿ ವಿಚಾರಿಸಿದೆ. ರಜೆಯಲ್ಲಿದ್ದಾರೆ ಎಂದರು. ಚೀಟಿಯನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಅದರಲ್ಲಿ ಕಾರಣ ಮಾತ್ರ ಎಲ್ಲೂ ಇಲ್ಲ.

ಕಾರಣವನ್ನು ಅವಳು ಬೇರೆ ಕಡೆ ಬರೆದಿಟ್ಟಿದ್ದಾಳೆ ಎಂದು ನನಗೆ ಅನ್ನಿಸತೊಡಗಿದೆ. ಪಿಯಾನೋದ ಸ್ಟ್ಯಾಂಡಿನ ಮೇಲೆ ಅವಳೇ ಕೈಯಲ್ಲಿ ಬರೆದ ಸಂಗೀತದ ಹಾಳೆಯೊಂದಿದೆ. ಮೂರು ಮೂರು ಸಾಲುಗಳ ಗುಂಪುಗಳು, ಹೆಸರಿಗೂ ಒಂದು ಅಕ್ಷರವಿಲ್ಲ. ಹೋಗುವ ಎಂಟು ದಿನ ಮುಂಚೆ ಅದನ್ನು ನನ್ನ ಮುಂದೆ ಹಿಡಿದು "ಒಂದ್ಸಲ ನೋಡಿ" ಎಂದಿದ್ದಳು. ನಾನು ಆಗ ಯಾವುದೋ ಮಾತ್ರೆಯ ಡಬ್ಬಿಯೊಳಗೆ ಹಾಕುವ ಚೀಟಿಯ ಕರಡು ತಿದ್ದುತ್ತಿದ್ದೆ. ಹಾಳೆ ನೋಡಿದೆ. ಗೆರೆಗಳು ನೇರವಾಗಿದ್ದವು, ಮಸಿ ಹರಡಿರಲಿಲ್ಲ. ಅಚ್ಚುಕಟ್ಟಾಗಿದೆ ಎಂದು ಹೇಳಿ ಸ್ಟ್ಯಾಂಡಿನ ಮೇಲಿಟ್ಟೆ. ಅವಳು ನಕ್ಕು ಒಳಗೆ ಹೋದಳು. ಆ ನಗು ಎಂಥದ್ದು ಎಂದು ಈಗ ಯೋಚಿಸಿದರೆ ತಲೆ ಬುಡ ತಿಳಿಯುವುದಿಲ್ಲ.

ಅವಳು ನಿಮ್ಮಲ್ಲಿದ್ದರೆ ಹೇಳಿ ಎಂದು ಕೇಳುವುದಿಲ್ಲ. ಹುಡುಕಬೇಡಿ ಎಂದಿದ್ದಾಳೆ. ಆದರೆ ಓದಬೇಡಿ ಎಂದಿಲ್ಲವಲ್ಲ. ನಲವತ್ತು ವರ್ಷ ಮಕ್ಕಳಿಗೆ ಪಿಯಾನೋ ಕಲಿಸಿದವರು ನೀವು. ಈ ಹಾಳೆಯನ್ನು ಓದುವುದು ಹೇಗೆಂದು ನನಗೆ ತಿಳಿಸಿಕೊಡಬೇಕು. ಅದು ಓದಲು ಬಂದರೆ ಅವಳು ಯಾಕೆ ಹೋದಳೆಂದು ಗೊತ್ತಾಗಬಹುದು, ಗೊತ್ತಾದರೆ ಅವಳನ್ನು ಕರೆತರುವ ದಾರಿಯೂ ಕಾಣಬಹುದು. ಅವಳಿಲ್ಲದೆ ಈ ಮನೆ ನನಗೆ ಬೇಡವಾಗಿದೆ.

ನಿಮ್ಮ ಅಳಿಯ


ಫೆಬ್ರವರಿ ೧೮

ಅಳಿಯಂದಿರಿಗೆ ಆಶೀರ್ವಾದ.

ಅವಳು ಇಲ್ಲಿಗೆ ಬಂದಿಲ್ಲ. ಬಂದಿದ್ದರೆ ಹೇಳುತ್ತಿದ್ದೆನೋ ಇಲ್ಲವೋ ಅದು ಬೇರೆ ಮಾತು. ಎರಡು ಸಲ ಫೋನು ಮಾಡಿದ್ದಳು, ಚೆನ್ನಾಗಿದ್ದೇನೆ ಎಂದಳು, ನಾನು ನಂಬಿದೆ. ನಿಮ್ಮ ಪತ್ರ ಓದಿ ನಿಮ್ಮಿಬ್ಬರ ಮೇಲೂ ಸಿಟ್ಟು ಬಂತು. ಆಮೇಲೆ ಕನ್ನಡಕ ಹುಡುಕಿ ಇನ್ನೊಂದು ಸಲ ಓದಿದೆ.

ಅಮ್ಮಂದಿರು ಎಳೆದು ತಂದು ಕೂರಿಸಿದ ಮಕ್ಕಳಿಗೆಲ್ಲ ಕಲಿಸಿದ್ದೇನೆ. ನಲವತ್ತೆಂಟು ದಾಟಿದ ಅಳಿಯನಿಗೆ ಅಂಚೆಯಲ್ಲಿ ಕಲಿಸಿ ಗೊತ್ತಿಲ್ಲ. ಆಗಲಿ, ಅದೂ ಒಂದು ಆಗಿಹೋಗಲಿ.

ಹಾಳೆಯ ಎಡಗಡೆ ನೋಡಿ. ಕೆಳಗಿನ ಎರಡು ಸಾಲುಗಳನ್ನು ಒಂದು ದಪ್ಪ ಬಳುಕಿನ ಕಂಸ ಹಿಡಿದುಕೊಂಡಿರುತ್ತದೆ. ಅವೆರಡೂ ಪಿಯಾನೋದವು: ಮೇಲಿನದು ಬಲಗೈಗೆ, ಕೆಳಗಿನದು ಎಡಗೈಗೆ. ಕಂಸದ ಹೊರಗೆ, ಎಲ್ಲಕ್ಕಿಂತ ಮೇಲೆ ಒಂಟಿಯಾಗಿ ನಿಂತಿರುವ ಸಾಲು ಹಾಡುವವರದು. ಪಿಯಾನೋದವರು ಅದನ್ನು ನುಡಿಸುವಂತಿಲ್ಲ, ಆದರೆ ಅದರ ಮೇಲಿಂದ ಕಣ್ಣು ತೆಗೆಯುವಂತೆಯೂ ಇಲ್ಲ. ಹಾಡುವವರು ಉಸಿರು ತೆಗೆದುಕೊಂಡರೆ ಕಾಯಬೇಕು, ತಡೆದರೆ ತಡೆಯಬೇಕು. ನಿಮ್ಮ ಮನೆಯಲ್ಲಿ ಹಾಡುವವಳು ಅವಳೊಬ್ಬಳೇ. ಹಾಗಾಗಿ ಮೇಲಿನ ಸಾಲು ಅವಳದು, ನೀವು ಅದರ ತಂಟೆಗೆ ಹೋಗಬೇಡಿ. ಕೆಳಗಿನ ಎರಡನ್ನು ಕಲಿಯಿರಿ.

ಹಾಳೆಯ ಯಾವ ಗುಂಡಿಗೆ ಪಿಯಾನೋದ ಯಾವ ಕೀ ಒತ್ತಬೇಕು ಎಂದು ತೋರಿಸುವ ಕಾರ್ಡು ಇದರೊಳಗಿದೆ. ಏಳು ವರ್ಷದ ಮಕ್ಕಳಿಗೆಂದು ಬರೆದದ್ದು, ಬೇಜಾರು ಮಾಡಿಕೊಳ್ಳಬೇಡಿ. ಮೊದಲ ಎಂಟು ಅಂಕಣಗಳ ಮೂರು ಸಾಲನ್ನೂ ನಕಲು ಮಾಡಿ ನನಗೆ ಕಳಿಸಿ. ಒಂದು ಅಡ್ಡಗೆರೆಯಿಂದ ಇನ್ನೊಂದು ಅಡ್ಡಗೆರೆಯವರೆಗೆ ಒಂದು ಅಂಕಣ.

ಊಟ ಸರಿಯಾಗಿ ಮಾಡಿ.

ಅತ್ತೆ


ಮಾರ್ಚ್ ೨

ಅತ್ತೆಯವರಿಗೆ ನಮಸ್ಕಾರ.

ಒಂದು ತಪ್ಪೊಪ್ಪಿಗೆ. ನಿಮ್ಮ ಪತ್ರ ಬರುವ ಮೊದಲೇ ನಾನು ಗ್ರಂಥಾಲಯದಿಂದ ಒಂದು ಪುಸ್ತಕ ತಂದು ಒಬ್ಬನೇ ಶುರುಮಾಡಿದ್ದೆ. ಪುಸ್ತಕ ಓದುವ ಹಾಗೆ ಓದಿದೆ: ಮೊದಲು ಮೇಲಿನ ಸಾಲು ಕೊನೆಯವರೆಗೆ, ಆಮೇಲೆ ಎರಡನೆಯದು, ಆಮೇಲೆ ಮೂರನೆಯದು. ಇಪ್ಪತ್ತೆರಡು ವರ್ಷ ಕರಡು ತಿದ್ದಿದ ಅಭ್ಯಾಸ, ಕಣ್ಣು ಹಾಗೇ ಓಡುತ್ತದೆ. ಮೂರೂ ಒಂದೇ ಹೊತ್ತಿಗೆ ನಡೆಯುತ್ತವೆ, ಮೇಲಿಂದ ಕೆಳಕ್ಕೆ ನೇರವಾಗಿ ನೋಡಬೇಕು ಎಂದು ಹೊಳೆಯಲೇ ಇಲ್ಲ. ಕೆಳಮನೆಯ ದರ್ಜಿ ಮೇಲೆ ಬಂದು, ಪಿಯಾನೋ ಸಾಗಿಸುತ್ತಿದ್ದೀರಾ, ಕೈ ಹಾಕಬೇಕಾ ಎಂದು ಮರ್ಯಾದೆಯಿಂದ ಕೇಳಿ ಹೋದರು.

ಈಗ ನೀವು ಹೇಳಿದಂತೆ ಕೆಳಗಿನ ಎರಡು ಸಾಲು ಹಿಡಿದಿದ್ದೇನೆ. ಕೆಲಸಕ್ಕೆ ಹೋಗುವ ಮುಂಚೆ ಒಂದು ಗಂಟೆ, ಬಂದ ಮೇಲೆ ಒಂದು ಗಂಟೆ. ಬಲಗೈ ಸರಿಹೋದರೆ ಎಡಗೈ ಕೈಕೊಡುತ್ತದೆ. ಹೇಗೋ ನಾಲ್ಕು ಅಂಕಣ ದಾಟಿದ್ದೇನೆ. ಆದರೆ ನನ್ನ ಗೊಂದಲ ಇರುವುದು ಇಲ್ಲಿ: ಹಾಡು ಎಲ್ಲಿದೆ? ಎರಡು ಗುಂಡು, ಆಮೇಲೆ ಸುಮ್ಮನಿರು ಎನ್ನುವ ಗುರುತು, ಮತ್ತೆ ಎರಡು ಗುಂಡು. ಯಾರೋ ಮಾತಾಡುವಾಗ ಹೂಂಗುಟ್ಟಿದ ಹಾಗಿದೆ. ಮಾತಾಡುವವರು ಮಾತ್ರ ಇಲ್ಲ. ಆ ಸುಮ್ಮನಿರುವ ಜಾಗಗಳಲ್ಲಿ ನಾನು ಎಷ್ಟು ಹೊತ್ತು ಕಾಯಬೇಕೋ ಗೊತ್ತಾಗದೆ ಸ್ಟ್ಯಾಂಡನ್ನೇ ನೋಡುತ್ತಾ ಕೂರುತ್ತೇನೆ.

ಎಂಟು ಅಂಕಣಗಳ ನಕಲು ಇಟ್ಟಿದ್ದೇನೆ. ಊಟ ಚೆನ್ನಾಗಿ ನಡೆಯುತ್ತಿದೆ.

ನಿಮ್ಮ ಅಳಿಯ


ಮಾರ್ಚ್ ೧೦

ಅಳಿಯಂದಿರಿಗೆ ಆಶೀರ್ವಾದ.

ನಿಮ್ಮ ನಕಲನ್ನು ಪಿಯಾನೋ ಮೇಲಿಟ್ಟುಕೊಂಡು ಎರಡು ದಿನ ತಲೆ ಕೆರೆದುಕೊಂಡಿದ್ದೇನೆ. ಮೇಲಿನ ಸಾಲನ್ನು ನನ್ನ ಒಡಕು ಗಂಟಲಲ್ಲಿ ಹಾಡಿಕೊಂಡು ಕೆಳಗಿನ ಎರಡನ್ನು ನುಡಿಸಿದೆ. ಸರಿಬರುವುದಿಲ್ಲ. ಹಾಡುವವಳು ಎಲ್ಲಿ ಕಾಲಿಡುತ್ತಾಳೋ ಪಿಯಾನೋದ ಬಲಗೈಯೂ ಅಲ್ಲೇ ಬಂದು ಅವಳ ಕಾಲು ತುಳಿಯುತ್ತದೆ. ಬಲಗೈಗೂ ಎಡಗೈಗೂ ನಡುವೆ ದೊಡ್ಡ ಬಯಲೇ ಖಾಲಿ ಬಿದ್ದಿದೆ, ಅಲ್ಲಿ ಯಾರೂ ಇಲ್ಲ. ಹನ್ನೆರಡು ವರ್ಷದ ಹುಡುಗಿಯಾಗಿದ್ದಾಗಲೂ ಅವಳು ಇಂಥ ಕೆಲಸ ಮಾಡಿದವಳಲ್ಲ.

ನೀವು ನಕಲು ಮಾಡುವಾಗ ಏನಾದರೂ ಬಿಟ್ಟಿದ್ದೀರಾ? ಅಥವಾ ಅವಳ ತಲೆಯೇ ಸರಿ ಇರಲಿಲ್ಲವೇ? ಎರಡನೆಯದು ನನಗೆ ಹೆದರಿಕೆ. ಇನ್ನೊಮ್ಮೆ ನೋಡಿ ಬರೆಯಿರಿ.

ಬೆಳಿಗ್ಗೆ ತಿಂಡಿಗೆ ಏನು ಮಾಡಿಕೊಳ್ಳುತ್ತೀರಿ? ಬರೀ ಬ್ರೆಡ್ಡು ತಿನ್ನುತ್ತೀರೋ ಹೇಗೆ? ಅಂಗಿಗಳಿಗೆ ಇಸ್ತ್ರಿ ಯಾರು ಮಾಡುತ್ತಾರೆ? ಸುಮ್ಮನೆ ಕೇಳಿದೆ.

ಅತ್ತೆ


ಮಾರ್ಚ್ ೧೭

ಅತ್ತೆಯವರಿಗೆ ನಮಸ್ಕಾರ.

ದೊಡ್ಡವರು ಕೇಳಿದ್ದೀರಿ, ಹೊಟ್ಟೆಗೆ ಹಾಕಿಕೊಂಡಿದ್ದೇನೆ. ಆದರೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದುವುದೇ ನನ್ನ ಹೊಟ್ಟೆಪಾಡು. ಒಂದು ಗುಂಡನ್ನೂ ನಾನು ಬಿಟ್ಟಿಲ್ಲ, ಒಂದು ಬಾಲವನ್ನೂ ತಿರುಗಿಸಿಲ್ಲ. ನಿಮ್ಮ ಪತ್ರ ಬಂದ ಮೇಲೆ ಅಳತೆಪಟ್ಟಿ ಇಟ್ಟು ಸಾಲು ಸಾಲಾಗಿ ಮತ್ತೆ ಹೋಲಿಸಿದೆ.

ಬಿಟ್ಟಿದ್ದು ಒಂದೇ ಒಂದು, ಅದೂ ಅವಳದೇ ಕೈತಪ್ಪು. ಮೇಲಿನ ಸಾಲಿನ ಮೊದಲಿಗೆ ಸುರುಳಿಯಂಥ ದೊಡ್ಡ ಗುರುತು ಇದೆಯಲ್ಲ, ಅದರ ಬಾಲದ ಕೆಳಗೆ ಚಿಕ್ಕದಾಗಿ ಒಂದು ಎಂಟು ಬರೆದಿದ್ದಳು. ನಮ್ಮ ಕೆಲಸದಲ್ಲಿ ಅಂಥ ಚಿಕ್ಕ ಅಂಕಿ ಇದ್ದರೆ ಪುಟದ ಅಡಿಯಲ್ಲಿ ಅದಕ್ಕೊಂದು ಟಿಪ್ಪಣಿ ಇರಬೇಕು. ಮಾತ್ರೆಯ ಚೀಟಿಯಲ್ಲಿ ಟಿಪ್ಪಣಿಯಿಲ್ಲದ ಅಂಕಿ ಉಳಿದರೆ ಕೆಲಸವೇ ಹೋಗುತ್ತದೆ. ಈ ಹಾಳೆಯ ಅಡಿಯಲ್ಲಿ ಏನೂ ಇಲ್ಲ, ಒಂದರಿಂದ ಏಳರವರೆಗಿನ ಅಂಕಿಗಳೂ ಎಲ್ಲೂ ಇಲ್ಲ. ಹಾಗಾಗಿ ನಕಲಿನಲ್ಲಿ ತೆಗೆದೆ. ಅವಳು ಹಾಳೆ ತೋರಿಸಿದ ದಿನವೂ ಅದನ್ನೇ ಹೇಳಿದ್ದೆ. "ಎಲ್ಲಾ ಸರಿಯಾಗಿದೆ. ಇದೊಂದು ಎಂಟು ಬೇಡ, ತೆಗೆದ್ಬಿಡು" ಎಂದು ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದೆ.

ಎಂಟು ಅಂಕಣಗಳನ್ನು ಈಗ ಎರಡು ಕೈಯಲ್ಲೂ ನಿಧಾನಕ್ಕೆ ನುಡಿಸಬಲ್ಲೆ. ನುಡಿಸಿದಷ್ಟೂ ಹೆದರಿಕೆ ಹೆಚ್ಚಾಗುತ್ತಿದೆ. ಪೂರ್ತಿ ಕಲಿತ ಮೇಲೂ ಏನೂ ತಿಳಿಯದೆ ಹೋದರೆ? ಅವಳಿಗೆ ನಾನು ಬೇಡವಾಗಿದ್ದೇನೆ ಎನ್ನುವುದಷ್ಟೇ ಅದರಲ್ಲಿದ್ದರೆ?

ಬರೀ ಬ್ರೆಡ್ಡಲ್ಲ, ಮೊಟ್ಟೆಯೂ ಇರುತ್ತದೆ. ಅಂಗಿಗೆ ಇಸ್ತ್ರಿ ಮಾಡುತ್ತಿಲ್ಲ.

ನಿಮ್ಮ ಅಳಿಯ


ಮಾರ್ಚ್ ೨೨

ಅಳಿಯಂದಿರೇ,

ಆಶೀರ್ವಾದ ಆಮೇಲೆ ಮಾಡುತ್ತೇನೆ. ಮೊದಲು ಕುರ್ಚಿಯಲ್ಲಿ ಕೂತುಕೊಳ್ಳಿ.

ಆ ಎಂಟು ಟಿಪ್ಪಣಿಯ ಅಂಕಿಯಲ್ಲ. ಸುರುಳಿಯ ಕೆಳಗೆ ಎಂಟು ಇದ್ದರೆ, ಆ ಸಾಲನ್ನು ಬರೆದದ್ದಕ್ಕಿಂತ ಒಂದು ಸ್ಥಾಯಿ ಕೆಳಗೆ ಹಾಡಬೇಕು ಎಂದರ್ಥ. ಹಾಗೆ ಬರೆಯುವುದು ಗಂಡಸಿನ ದನಿಗೆ. ನಿಮ್ಮ ಪತ್ರ ಓದಿದ ಕೂಡಲೇ ಹೋಗಿ ನುಡಿಸಿದೆ. ಬಲಗೈಗೂ ಎಡಗೈಗೂ ನಡುವೆ ಖಾಲಿ ಬಿದ್ದಿದ್ದ ಬಯಲಿನಲ್ಲಿ ಆ ಸಾಲು ಹೋಗಿ ಕೂತಿತು. ಯಾರೂ ಯಾರ ಕಾಲನ್ನೂ ತುಳಿಯಲಿಲ್ಲ. ನನ್ನ ಮಗಳ ತಲೆ ಸರಿಯಾಗಿಯೇ ಇತ್ತು.

ಅವಳ ಗಂಟಲು ಅಷ್ಟು ಕೆಳಗೆ ಇಳಿಯುವುದಿಲ್ಲ. ಮೇಲಿನ ಸಾಲು ಅವಳದ್ದಲ್ಲ. ಕೆಳಗಿನ ಎರಡು ಅವಳವು, ನುಡಿಸುವವಳು ಅವಳು. ಮೇಲಿನದು ನಿಮ್ಮದು. ಆ ಮನೆಯಲ್ಲಿ ಇನ್ನಾವ ಗಂಡಸಿದ್ದಾನೆ? ಅವಳು ನಿಮಗೆಂದು ಹಾಡು ಬರೆದು ತಂದು ತೋರಿಸಿದಳು. ನೀವು ಅದರಲ್ಲಿ ನಿಮ್ಮನ್ನೇ ಹುಡುಕಿ ಸುತ್ತು ಹಾಕಿ, ಇದು ಬೇಡ ತೆಗಿ ಎಂದಿರಿ. ಮೇಲಿನದನ್ನು ಮುಟ್ಟಬೇಡಿ ಎಂದು ಒಂದು ತಿಂಗಳು ನಿಮಗೆ ಪಾಠ ಹೇಳಿದ ನಾನೂ ಕಡಿಮೆಯವಳೇನಲ್ಲ. ನಾಚಿಕೆಯಾಗುತ್ತಿದೆ.

ಇನ್ನೊಂದು. ಅವಳು ಈ ತಿಂಗಳ ಆರರಂದು ಇಲ್ಲಿಗೆ ಬಂದಳು. ಅಲ್ಲಿಯವರೆಗೆ ನೃತ್ಯಶಾಲೆಯ ಗೆಳತಿಯ ಕೋಣೆಯಲ್ಲಿದ್ದಳಂತೆ. ಹತ್ತರ ಪತ್ರದಲ್ಲಿ ನಾನು ಅದನ್ನು ಮುಚ್ಚಿಟ್ಟೆ. ತಿಂಡಿ, ಇಸ್ತ್ರಿ ಎಲ್ಲ ನನ್ನಿಂದ ಕೇಳಿಸಿದ್ದು ಅವಳೇ. ನೀವು ಪಿಯಾನೋ ಕಲಿಯುತ್ತಿರುವುದು ಅವಳಿಗೆ ಗೊತ್ತಿಲ್ಲ. ಪತ್ರಗಳನ್ನು ಅವಳಿಗೆ ತೋರಿಸಿಲ್ಲ, ನಿಮ್ಮ ನಕಲನ್ನು ನುಡಿಸಿ ನೋಡಿದ್ದೂ ಅವಳು ಹೊರಗೆ ಹೋಗಿದ್ದಾಗಲೇ.

ಅತ್ತೆ


ಮಾರ್ಚ್ ೨೭

ಅತ್ತೆಯವರಿಗೆ,

ನಿಮ್ಮ ಪತ್ರವನ್ನು ಅಚ್ಚುಕೂಟದಲ್ಲಿ ಒಡೆದು ಓದಿದೆ. ಎದುರಿಗಿದ್ದ ಕರಡಿನಲ್ಲಿ ಮೂರು ಪುಟ ಸುಮ್ಮನೆ ದಾಟಿಹೋಯಿತು. ಮೇಲ್ವಿಚಾರಕರು ಕೇಳಿದ್ದಕ್ಕೆ ಏನು ಹೇಳಿದೆನೋ ನೆನಪಿಲ್ಲ.

ನನಗೆ ಹಾಡಾ? ನಾನು ಹುಟ್ಟಿದಾಗಿನಿಂದ ಹಾಡಿದವನಲ್ಲ. ಶಾಲೆಯಲ್ಲಿ ಸಾಲಾಗಿ ನಿಲ್ಲಿಸಿದಾಗ ಬರೀ ಬಾಯಿ ಆಡಿಸು ಎಂದಿದ್ದರು. ಅವಳಿಗೆ ನನ್ನ ಗಂಟಲು ಎಲ್ಲಿಯವರೆಗೆ ಹೋಗುತ್ತದೆಂದು ಗೊತ್ತಾದದ್ದು ಹೇಗೆ? ಅಥವಾ ಇದು ಬೇರೆ ಯಾರಿಗೋ ಬರೆದದ್ದೇ? ನೃತ್ಯಶಾಲೆಯಲ್ಲಿ ಗಂಡಸರೂ ಇದ್ದಾರೆ. ಇದನ್ನು ಕೇಳದೆ ಇರಲಾರೆ. ನನಗೇ ಆಗಿದ್ದರೆ, ಹೋಗುವಾಗ ಅದನ್ನು ನಾನು ಓದಲಿ ಎಂದು ಬಿಟ್ಟುಹೋದಳೇ? ಓದಲಾರೆನೆಂದು ಗೊತ್ತಿದ್ದೂ ಬಿಟ್ಟುಹೋದಳೇ?

ಅವಳು ಪಕ್ಕದ ಕೋಣೆಯಲ್ಲಿರುವಾಗ ನೀವು ನನಗೆ ಇಸ್ತ್ರಿಯ ಮಾತು ಬರೆದಿರಿ. ನಿಮ್ಮ ಮೇಲೆ ನನಗೆ ಸಿಟ್ಟಿದೆ. ಪತ್ರಗಳನ್ನು ಅವಳಿಗೆ ಕೊಡಿ. ಎಲ್ಲವನ್ನೂ ಕೊಟ್ಟು ಕೇಳಿ.

ನಿಮ್ಮ ಅಳಿಯ


ಏಪ್ರಿಲ್ ೩

ಅಳಿಯಂದಿರಿಗೆ ಆಶೀರ್ವಾದ.

ಸಿಟ್ಟು ಇರಲಿ, ಅದಕ್ಕೆ ನಾನು ಅರ್ಹಳು.

ಪತ್ರಗಳನ್ನು ಕೊಟ್ಟೆ. ಅಡುಗೆಮನೆಯ ಕಿಟಕಿಯ ಹತ್ತಿರ ನಿಂತುಕೊಂಡೇ ಎಲ್ಲವನ್ನೂ ಓದಿದಳು. ದರ್ಜಿಯ ವಿಷಯ ಬಂದಾಗ ನಕ್ಕಳು. ಆಮೇಲೆ ಅತ್ತಳು. ನಾನು ಪಾತ್ರೆ ತೊಳೆಯುವ ನೆಪದಲ್ಲಿ ಅಲ್ಲೇ ಇದ್ದೆ.

ಬೇರೆ ಯಾರಿಗೂ ಅಲ್ಲ. ನೀವು ಮನೆಯಲ್ಲಿ ಕರಡು ತಿದ್ದುವಾಗ ಗಟ್ಟಿಯಾಗಿ ಓದಿಕೊಳ್ಳುತ್ತೀರಂತೆ, ಅಲ್ಪವಿರಾಮ, ಪೂರ್ಣವಿರಾಮಗಳನ್ನೂ ಸೇರಿಸಿ, ರಾಗ ಎಳೆದಂತೆ. ಅವಳು ಒಳಗೆ ಕೂತು ಅದು ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಗುರುತು ಹಾಕಿಕೊಂಡಿದ್ದಾಳೆ. "ಹನ್ನೊಂದು ವರ್ಷ ಆ ಮನೇಲಿ ಅವರ ದನಿ ಅಂತ ನಾನು ಕೇಳಿದ್ದು ಅದೊಂದೇ ಅಮ್ಮ. ನನ್ ಜೊತೆ ಅಷ್ಟು ಹೊತ್ತು ಯಾವತ್ತೂ ಮಾತಾಡಿಲ್ಲ" ಎಂದಳು.

ಆದರೆ ಅಳಿಯಂದಿರೇ, ಹಾಳೆಯನ್ನು ಅವಳು ನಿಮಗಾಗಿ ಬಿಟ್ಟುಹೋಗಲಿಲ್ಲ. ಅದರ ಮೇಲೆ ಸುತ್ತು ಬಿದ್ದ ಮೇಲೆ ಅವಳು ಅದನ್ನು ಮುಟ್ಟಲೇ ಇಲ್ಲವಂತೆ. ಸ್ಟ್ಯಾಂಡಿನ ಮೇಲಿಟ್ಟವರು ನೀವೇ, ಮೊದಲ ಪತ್ರದಲ್ಲಿ ನೀವೇ ಬರೆದಿದ್ದೀರಿ. ಹೋದದ್ದು ಹಾಳೆಯ ಕಾರಣಕ್ಕೂ ಅಲ್ಲವಂತೆ. ಹಾಗಾದರೆ ಯಾಕೆ ಎಂದು ಕೇಳಿದೆ. "ಆ ಮನೇಲಿ ನಾನು ಇದೀನೋ ಇಲ್ವೋ ಅಂತ ನಂಗೇ ಗೊತ್ತಾಗ್ತಿರ್ಲಿಲ್ಲ. ಹೊರಗೆ ಬಂದು ನೋಡೋಣ ಅನ್ನಿಸ್ತು" ಎಂದಳು. ನನಗೂ ಇದು ಪೂರ್ತಿ ಅರ್ಥವಾಗಿಲ್ಲ, ಅವಳಿಗೂ ಆಗಿಲ್ಲ. ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದಿದ್ದೇನೆ.

ಅತ್ತೆ


ಏಪ್ರಿಲ್ ೯

ಅತ್ತೆಯವರಿಗೆ ನಮಸ್ಕಾರ.

ನಿಮ್ಮ ಪತ್ರವನ್ನು ಎಷ್ಟು ಸಲ ಓದಿದರೂ ಅದರಲ್ಲಿ ತಿದ್ದುವುದಕ್ಕೆ ಏನೂ ಸಿಗಲಿಲ್ಲ. ಅವಳು ಇದ್ದಳು. ನನಗೆ ಗೊತ್ತಿತ್ತು. ಅವಳಿಗೆ ಗೊತ್ತಿಲ್ಲ ಎಂದು ನನಗೆ ಗೊತ್ತಿರಲಿಲ್ಲ. ಇದನ್ನು ಅವಳಿಗೆ ಹೇಳಬೇಕೆಂದು ಬಾಯಿ ತೆರೆದರೆ ಹೇಗೆ ಶುರುಮಾಡಬೇಕೋ ತಿಳಿಯುವುದಿಲ್ಲ. ಅವಳು ಬರೆದುಕೊಟ್ಟದ್ದನ್ನು ಹಾಡುವುದು ಅದಕ್ಕಿಂತ ಸುಲಭ ಇರಬಹುದು.

ಪಿಯಾನೋ ಕಲಿಯುವುದನ್ನು ನಿಲ್ಲಿಸಿದ್ದೇನೆ. ಮೇಲಿನ ಸಾಲನ್ನು ಒಂದು ಬೆರಳಲ್ಲಿ ಒತ್ತಿ, ಕೇಳಿಸಿಕೊಂಡು, ಅದರ ಹಿಂದೆಯೇ ದನಿ ಎಳೆಯುತ್ತೇನೆ. ಪದಗಳಿಲ್ಲದ್ದರಿಂದ ಬಾಯಿಗೆ ಬಂದ ಆ, ಓ ಅಷ್ಟೇ. ದರ್ಜಿ ಈಗ ಮೇಲೆ ಬರುವುದನ್ನು ಬಿಟ್ಟು ಕಿಟಕಿ ಮುಚ್ಚಿಕೊಳ್ಳುತ್ತಾರೆ. ಇಪ್ಪತ್ತನಾಲ್ಕು ಅಂಕಣಗಳಲ್ಲಿ ಇಪ್ಪತ್ತೆರಡು ಬರುತ್ತವೆ. ಕೊನೆಗೆ ಎರಡು ಸ್ವರ ತೀರಾ ಮೇಲಿವೆ, ಎಷ್ಟು ಹಲ್ಲು ಕಚ್ಚಿದರೂ ಎಟಕುವುದಿಲ್ಲ. ಅವಳು ನನ್ನ ಬಗ್ಗೆ ಸ್ವಲ್ಪ ಹೆಚ್ಚಾಗಿಯೇ ಅಂದುಕೊಂಡಿದ್ದಳೆಂದು ಕಾಣುತ್ತದೆ.

ಹದಿನೈದು, ಶನಿವಾರ ಸಂಜೆ ನಾಲ್ಕಕ್ಕೆ ಬರುತ್ತೇನೆ. ಕರೆದುಕೊಂಡು ಹೋಗಲು ಅಲ್ಲ, ಇದನ್ನು ಅವಳಿಗೆ ಹೇಳಿ. ಅವಳಿಗೆ ಬೇಡವೆಂದರೆ ನಿಮ್ಮ ಜೊತೆ ಚಹಾ ಕುಡಿದು ಹೊರಡುತ್ತೇನೆ.

ನಿಮ್ಮ ಅಳಿಯ


ಏಪ್ರಿಲ್ ೧೭

ಅಳಿಯಂದಿರಿಗೆ ಆಶೀರ್ವಾದ.

ಚಹಾ ಕುಡಿದು ಹೋಗುತ್ತೇನೆ ಎಂದು ಬರೆದವರು ಚಹಾ ಕುಡಿಯದೆಯೇ ಹೋದಿರಿ. ನಾನು ಲೋಟ ಹಿಡಿದುಕೊಂಡು ಅಡುಗೆಮನೆಯಿಂದ ಬರುವಷ್ಟರಲ್ಲಿ ಬೀದಿಯ ತಿರುವಿನಲ್ಲಿ ನಿಮ್ಮ ಬೆನ್ನು ಕಂಡಿತು. ಹಾಗೆ ಓಡುವಂಥದ್ದು ಏನಾಗಿತ್ತು?

ನಿಮಗೆ ಕಂಡದ್ದು ಎಷ್ಟೋ ನನಗೆ ಗೊತ್ತಿಲ್ಲ. ಅವಳು ಪಿಯಾನೋ ಮುಂದೆ ಕೂತು ಕೆಳಗಿನ ಎರಡು ಸಾಲು ನುಡಿಸಿದಳು, ನೀವು ಕುರ್ಚಿಯ ಬೆನ್ನು ಹಿಡಿದುಕೊಂಡು ಗೋಡೆ ನೋಡುತ್ತಾ ಹಾಡಿದಿರಿ. ನಾನು ಅಡುಗೆಮನೆಯ ಬಾಗಿಲ ಸಂದಿಯಿಂದ ಅವಳನ್ನು ನೋಡುತ್ತಿದ್ದೆ. ಐದನೆಯ ಅಂಕಣದಲ್ಲಿ ನೀವು ಮರೆತು ನಿಂತಿರಲ್ಲ, ಅವಳು ತಲೆ ಎತ್ತಲಿಲ್ಲ, ಆ ಅಂಕಣವನ್ನೇ ಇನ್ನೊಮ್ಮೆ ನುಡಿಸಿ ಕೈ ಹಾಗೇ ಕೀಗಳ ಮೇಲಿಟ್ಟುಕೊಂಡು ಕಾದಳು. ನೀವು ಮತ್ತೆ ಶುರುಮಾಡುವವರೆಗೂ ಕಾದಳು. ಕೊನೆಗೆ ನಿಮ್ಮ ಗಂಟಲು ಒಡೆಯಿತು. ಕ್ಷಮಿಸು ಎಂದಿರಿ, ಚೀಲ ಎತ್ತಿಕೊಂಡು ಹೊರಟಿರಿ. ನೀವು ತಂದಿದ್ದ ಹಾಳೆ ಇಲ್ಲೇ ಉಳಿಯಿತು.

ನೀವು ಹೋದ ಮೇಲೆ ಅವಳು ಕತ್ತಲಾಗುವವರೆಗೂ ನನಗೆ ಬೆನ್ನು ಮಾಡಿ ಪಿಯಾನೋ ಮುಂದೆಯೇ ಕೂತಿದ್ದಳು. ಹೋಗ್ತೀಯಾ ಎಂದು ಕೇಳಿದೆ. ಗೊತ್ತಿಲ್ಲ ಎಂದಳು. ಅವರ ಮೇಲೆ ಬೇಜಾರಾ ಎಂದೆ. ಅದೂ ಗೊತ್ತಿಲ್ಲ ಎಂದಳು. ತಾಯಿಯಾದವಳು ಇನ್ನೇನು ಕೇಳಲಿ, ಎದ್ದು ದೀಪ ಹಾಕಿದೆ. ನೋಡಿದರೆ ಅವಳ ಕೈಯಲ್ಲಿ ರಬ್ಬರು ಮತ್ತು ಪೆನ್ಸಿಲು. ಶಾಯಿಯಲ್ಲಿ ಬರೆದದ್ದು ಅಳಿಸಲು ಬಾರದೆ ಹೊಸ ಹಾಳೆಗೆ ಗೆರೆ ಎಳೆದುಕೊಂಡಿದ್ದಳು, ಇಪ್ಪತ್ತೆರಡು ಅಂಕಣ ಇಳಿಸಿಯೂ ಆಗಿತ್ತು. ಕೊನೆಯ ಎರಡನ್ನು ಬರೆಯುತ್ತಾಳೆ, ಅಳಿಸುತ್ತಾಳೆ, ಮೆಲ್ಲಗೆ ತಾನೇ ಹಾಡಿ ನೋಡುತ್ತಾಳೆ, ಮತ್ತೆ ಅಳಿಸುತ್ತಾಳೆ. ಏನು ಮಾಡುತ್ತಿದ್ದೀಯೆ ಎಂದೆ.

"ಅಷ್ಟು ಮೇಲೆ ಅವರಿಗೆ ಎಟಕಲ್ಲ ಅಮ್ಮ. ಇಳಿಸ್ತಿದೀನಿ" ಎಂದಳು.

ನೀನು ಬರೆದದ್ದು ಹಾಳಾಗುವುದಿಲ್ಲವೇ ಎಂದು ಕೇಳಿದೆ. ನಾನು ಮೇಷ್ಟ್ರಮ್ಮ, ಅದನ್ನು ಕೇಳಲೇಬೇಕು. ಸ್ವಲ್ಪ ಆಗುತ್ತದೆ, ಆದರೂ ಕೇಳುವುದಕ್ಕೆ ಚೆನ್ನಾಗಿರುತ್ತದೆ ಎಂದಳು.

ಇವತ್ತು ಬೆಳಿಗ್ಗೆ ಹೊಸ ಹಾಳೆ ಮುಗಿಯಿತು. ಈ ಪತ್ರದ ಜೊತೆ ಕಳಿಸಿಬಿಡಲಾ ಎಂದು ಲಕೋಟೆ ತೆರೆದು ಹಿಡಿದೆ. ಅವಳು ಅದನ್ನು ಪಿಯಾನೋ ಮೇಲಿಂದ ತೆಗೆಯಲೇ ಇಲ್ಲ.

"ಯಾಕೆ ಕಳಿಸ್ತೀಯಾ? ಇಲ್ಲೇ ಇರ್ಲಿ. ಶನಿವಾರ ಬರ್ತಾರಲ್ಲ" ಎಂದಳು.

ಬರುತ್ತೇನೆಂದು ನೀವು ನನಗಂತೂ ಹೇಳಿಲ್ಲ. ಅವಳಿಗೆ ಹೇಳಿದಿರೋ ಏನೋ ನಾನು ಕೇಳಲು ಹೋಗಲಿಲ್ಲ. ಬನ್ನಿ.

ಅತ್ತೆ